ಖಾಲಿ ಬಿಡಬಾರದ ಚೌಕ

ಅವಳು ಅದನ್ನು ದೂರು ಎಂದು ಹೇಳಿದ್ದಳೆ, ಇಲ್ಲ ಹೋಗುತ್ತಾ ಬರುತ್ತಾ ಆಡುವ ಮಾತಿನ ಹಾಗೆ ಅಂದಿದ್ದಳೆ? ದೂರಾಗಿದ್ದರೆ ನಿಂತು ಹೇಳಬೇಕಿತ್ತು. ಹಾಲವ್ವ ನಿಲ್ಲಲಿಲ್ಲ. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಬಕೆಟ್ಟು. ಕಿಟಕಿಯ ಹತ್ತಿರ ಬಂದಳು, ಬಗ್ಗಿದಳು, ಅಂದಳು, ಹೋದಳು. ಅಷ್ಟನ್ನು ದೂರು ಅನ್ನಬಹುದೆ?

ಶನಿವಾರ ಬೆಳಿಗ್ಗೆಯಿಂದ ಅಮರೇಶ ಇದೊಂದನ್ನೇ ತಿರುವಿಹಾಕುತ್ತಾ ಕೂತಿದ್ದ. ಮೇಜಿನ ಮೇಲೆ ಫೈಲುಗಳು ಎದೆಮಟ್ಟ ಬೆಳೆದಿದ್ದವು. ನೀಲಿ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ಮಂಗಳವಾರ ಅವಳು ಅಂದದ್ದು ಇಷ್ಟು:

"ತಮ್ಮಾ, ಜರಡಿ ರೂಮಿನ ಗಾಳಿ ಮಷೀನಿಂದು ಮುಳ್ಳು ಕೆಳಗ ಬಿದ್ದೈತಿ ನೋಡು. ಪುಡಿ ಎಲ್ಲಾ ಹೊರಗ ಹಾರಾಕತ್ತೈತಿ. ಆಪರೇಟರ್ ಅಣ್ಣಾರಿಗೆ ಹೇಳಿದ್ರ ಬ್ಯಾಚ್ ಮುಗೀಲಿ ತಡೀ ಅಂತಾರ. ನೀ ಬರಕೋ."

ಕೊನೆಯ ಎರಡು ಪದಗಳನ್ನು ಮರೆಯಲು ಅವನು ಬೆಳಿಗ್ಗೆಯಿಂದ ಹೆಣಗುತ್ತಿದ್ದ. ಮಾತಿಗೆ ಅಂದವರು ಯಾರಾದರೂ ಬರೆದುಕೋ ಅನ್ನುತ್ತಾರೆಯೆ? ತಾನಾದರೂ ಏನಂದಿದ್ದ? "ಆತಕ್ಕಾ, ಬರಕೋತೀನಿ" ಅಂದಿದ್ದ.

ಸುಂಕದಕಟ್ಟೆ ದಾಟಿ ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ, ಪೌಡರ್ ಕೋಟಿಂಗ್ ಶೆಡ್ಡು ಮತ್ತು ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯ ನಡುವೆ ಈ ಕಂಪನಿ. ದೊಡ್ಡ ದೊಡ್ಡ ಹೆಸರಿನವರಿಗೆ ಇಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ತಯಾರಾಗುತ್ತದೆ. ಔಷಧದ ಪುಡಿಯನ್ನು ಒಂದು ಸಣ್ಣ ಕೋಣೆಯಲ್ಲಿ ಜರಡಿ ಹಿಡಿಯುತ್ತಾರೆ. ಹಾರುವ ಪುಡಿಯನ್ನು ಎಳೆದುಕೊಳ್ಳಲು ಅಲ್ಲಿ ಒಂದು ಯಂತ್ರ. ಅದು ಸರಿಯಾಗಿ ಎಳೆಯುತ್ತಿದೆಯೋ ಇಲ್ಲವೋ ತೋರಿಸಲು ಗೋಡೆಯ ಮೇಲೆ ಗಡಿಯಾರದಂಥ ಒಂದು ಮೀಟರು. ಅದರ ಮುಳ್ಳು ಎರಡು ಕೆಂಪು ಗೆರೆಗಳ ನಡುವೆ ನಿಂತಿರಬೇಕು. ಆ ಕೋಣೆ ಒರೆಸುವ, ಓದು ಬರದ ಹಾಲವ್ವನಿಗೆ ಆ ಕೆಂಪು ಗೆರೆಗಳು ಅರ್ಥವಾಗಿದ್ದವು.

ಅಮರೇಶ ಕುಷ್ಟಗಿ ಕಡೆಯವನು, ಕೆಮಿಸ್ಟ್ರಿ ಬಿ.ಎಸ್ಸಿ. ಎರಡು ವರ್ಷದ ಹಿಂದೆ ದಾಖಲೆಯ ಗುಮಾಸ್ತನಾಗಿ ಇಲ್ಲಿಗೆ ಸೇರಿದ ಮೊದಲ ವಾರ ಅವನು ಔಷಧ ಕಲಿಯಲಿಲ್ಲ, ಅಕ್ಷರ ಕಲಿತ. ಎಸ್‌ಒಪಿ ಅಂದರೆ ಕೆಲಸ ಮಾಡುವ ವಿಧಾನ. ಕ್ಯೂಎ ಅಂದರೆ ಆ ವಿಧಾನ ಕಾಯುವವರು. ಬಿಎಂಆರ್ ಅಂದರೆ ಒಂದೊಂದು ಬ್ಯಾಚಿನ ಜಾತಕ. ಪುಡಿ ತೂಗಿದ್ದರಿಂದ ಹಿಡಿದು ಡಬ್ಬಿಗೆ ತುಂಬಿದ್ದರವರೆಗೆ ಎಲ್ಲವೂ ಅದರಲ್ಲಿ ಇರಬೇಕು. ಮೂರಕ್ಷರ, ನಾಲ್ಕಕ್ಷರ, ಎಲ್ಲ ಇಂಗ್ಲಿಷಿನಲ್ಲಿ. ಒಳಗೆ ಕೆಲಸ ಮಾಡುವ ಮೂವತ್ತು ಹೆಂಗಸರಲ್ಲಿ ಒಂದಿಬ್ಬರನ್ನು ಬಿಟ್ಟರೆ ಯಾರಿಗೂ ಇವು ಏನೆಂದು ಗೊತ್ತಿರಲಿಲ್ಲ. ಸಹಿಯನ್ನೋ ಹೆಬ್ಬೆಟ್ಟನ್ನೋ ಮಾತ್ರ ಎಲ್ಲರೂ ಹಾಕುತ್ತಿದ್ದರು.

ಕ್ಯೂಎ ಮ್ಯಾನೇಜರ್ ಶ್ಯಾಮಸುಂದರ ಅವನಿಗೆ ಕಲಿಸಿದ ಪಾಠ ಎರಡೇ. ಒಂದು, ಬರೆದಿಲ್ಲ ಅಂದರೆ ನಡೆದಿಲ್ಲ. ಎರಡು, ಯಾವ ಚೌಕವನ್ನೂ ಖಾಲಿ ಬಿಡಬಾರದು. ಬರೆಯಲು ಏನೂ ಇಲ್ಲವಾದರೆ ಓರೆಯಾಗಿ ಒಂದು ಗೀಟು, ಅದರ ಮೇಲೆ ಎನ್‌ಎ, ಪಕ್ಕದಲ್ಲಿ ಚುಟುಕು ಸಹಿ, ತಾರೀಖು. ಎನ್‌ಎ ಅಂದರೆ ಅನ್ವಯಿಸುವುದಿಲ್ಲ. ಇದನ್ನು ಒಳಗೆ ಕೆಲಸ ಮಾಡಿದವರೇ ಅಲ್ಲಲ್ಲೇ ಬರೆಯಬೇಕು ಎಂದು ಎಸ್‌ಒಪಿಯಲ್ಲಿದೆ. ಬರೆಯುವುದು ಅಮರೇಶ, ಸಂಜೆ, ಮೇಜಿನ ಮುಂದೆ. ದಿನಕ್ಕೆ ನೂರು, ನೂರೈವತ್ತು ಎನ್‌ಎ. ಕೈ ತನ್ನಷ್ಟಕ್ಕೆ ಓಡುತ್ತಿತ್ತು.

ಮಂಗಳವಾರ ಸಂಜೆಯೂ ಓಡಿತ್ತು. ಜರಡಿ ಕೋಣೆಯ ಹಾಳೆ ಬಂದಾಗ ಮುಳ್ಳಿನ ಅಂಕಿಯ ಚೌಕದಲ್ಲಿ ಆಪರೇಟರು ದಿನವೂ ಬರೆಯುವ ಅಂಕಿಯನ್ನೇ ಬರೆದಿದ್ದ. ಕೆಳಗೆ "ಕೆಲಸಗಾರರ ಹೇಳಿಕೆ" ಎಂಬ ಚೌಕ ಖಾಲಿ ಇತ್ತು. ಅಮರೇಶನ ಪೆನ್ನು ಒಂದು ಗಳಿಗೆ ನಿಂತಿತ್ತು. ಬರೆದರೆ ಮೇಲಿನ ಅಂಕಿ ಸುಳ್ಳಾಗುತ್ತದೆ. ಬ್ಯಾಚ್ ನಿಲ್ಲುತ್ತದೆ. ಮುಂದಿನ ವಾರ ಆಡಿಟರ್ ಬರುತ್ತಾರೆ. ಬರುವ ತಿಂಗಳು ತನ್ನ ಕೆಲಸ ಕಾಯಂ ಆಗಬೇಕು.

ಗೀಟು ಎಳೆದಿದ್ದ.

ಗುರುವಾರ ಮಧ್ಯಾಹ್ನ ಎರಡೂವರೆಗೆ ಹಾಲವ್ವ ಬಿದ್ದಳು. ಜರಡಿ ಒರೆಸಲು ಮೂರು ಮೆಟ್ಟಿಲ ಸ್ಟೂಲು ಹತ್ತಿದ್ದವಳು ಬೆವೆತು, ಕೈಕಾಲು ನಡುಗಿ, ಏನೋ ಬಡಬಡಿಸುತ್ತಾ ಹಾಗೇ ಹಿಂದಕ್ಕೆ ಬಂದುಬಿಟ್ಟಳು. ಬಲ ಮಣಿಕಟ್ಟು ಮುರಿಯಿತು. ಎತ್ತಿಕೊಂಡು ವ್ಯಾನಿಗೆ ಹಾಕಿದವರಲ್ಲಿ ಅಮರೇಶನೂ ಇದ್ದ. ಇಎಸ್‌ಐ ಆಸ್ಪತ್ರೆಯ ಕಡೆಗೆ ತಿರುಗುತ್ತಿದ್ದ ವ್ಯಾನನ್ನು ಶ್ಯಾಮಸುಂದರ ಫೋನಿನಲ್ಲೇ ತಡೆದ. "ಅಲ್ಲಿ ಬೇಡ. ಆಕ್ಸಿಡೆಂಟ್ ರಿಪೋರ್ಟ್ ಕೇಳ್ತಾರೆ. ಇಲ್ಲೇ ಯಾವ್ದಾದ್ರೂ ಕ್ಲಿನಿಕ್‌ಗೆ ಹೋಗಿ."

ಕ್ಲಿನಿಕ್ಕಿನ ಡಾಕ್ಟರು ಬೆರಳು ಚುಚ್ಚಿ ನೋಡಿದರು. ರಕ್ತದಲ್ಲಿ ಸಕ್ಕರೆ ಮೂವತ್ತೆಂಟು. ಅವರು ಗಾಬರಿಯಾಗಿ ಗ್ಲೂಕೋಸ್ ಹಾಕಿದರು. ಸ್ವಲ್ಪ ಹೊತ್ತಿಗೆ ಹಾಲವ್ವ ಕಣ್ಣು ಬಿಟ್ಟಳು.

"ಏನಮ್ಮ, ಶುಗರ್ ಇದೆಯಾ ನಿಮಗೆ? ಮಾತ್ರೆ ಜಾಸ್ತಿ ತಗೊಂಡ್ಬಿಟ್ರಾ?"

"ಇಲ್ರೀ ಸಾಹೇಬ್ರ," ಅಂದಳು ಹಾಲವ್ವ. ನಾಲಿಗೆ ಇನ್ನೂ ತೊದಲುತ್ತಿತ್ತು. "ಮಾತ್ರಿ ನಾವು ಮಾಡ್ತೀವಿ. ತಿನ್ನೂದಿಲ್ಲ."

ಡಾಕ್ಟರು ಅಮರೇಶನ ಮುಖ ನೋಡಿದರು. ಅವನು ಗ್ಲೂಕೋಸಿನ ಹನಿ ಬೀಳುವುದನ್ನು ನೋಡುತ್ತಿದ್ದ. ಎರಡು ದಿನ ಅವಳ ಮೂಗಿನಲ್ಲಿ, ಬಾಯಲ್ಲಿ ಯಾವ ಪುಡಿ ಹೋಗಿದೆಯೆಂದು ಅವನಿಗೆ ಗೊತ್ತಿತ್ತು. ಅದನ್ನು ತಿಳಿಯಲು ಬಿ.ಎಸ್ಸಿ. ಕೂಡ ಬೇಕಿರಲಿಲ್ಲ.

ಶನಿವಾರ ಮಧ್ಯಾಹ್ನ ಶ್ಯಾಮಸುಂದರ ಅವನನ್ನು ಒಳಗೆ ಕರೆದ. ವಿಚಾರಣೆಯ ನಮೂನೆ ತುಂಬಬೇಕಿತ್ತು. ಯಾಕೆ, ಯಾಕೆ ಎಂದು ಐದು ಸಲ ಕೇಳಿಕೊಂಡು ಮೂಲ ಕಾರಣಕ್ಕೆ ಇಳಿಯಬೇಕು, ಅದು ಪದ್ಧತಿ.

"ವೈ ಒನ್. ಯಾಕೆ ಬಿದ್ಲು?"

"ತಲೆ ಸುತ್ತು ಬಂತು ಸಾರ್."

"ವೈ ಟೂ. ಯಾಕೆ ಸುತ್ತು ಬಂತು?"

"ಶುಗರ್ ಇಳೀತು."

"ವೈ ತ್ರೀ. ಯಾಕೆ ಇಳೀತು?"

ಅಮರೇಶ ತಲೆ ಎತ್ತಿದ. ಶ್ಯಾಮಸುಂದರ ಕಾಯಲಿಲ್ಲ. "ಊಟ ಮಾಡಿರ್ಲಿಲ್ಲ ಅಂತ ಬರಿ. ವೈ ಫೋರ್, ಯಾಕೆ ಮಾಡಿರ್ಲಿಲ್ಲ? ಗುರುವಾರ ಅಲ್ವೇನೋ, ಒಪ್ಪತ್ತು. ಈ ಹೆಂಗಸ್ರದ್ದು ವಾರಕ್ಕೆ ಮೂರು ದಿನ ಉಪವಾಸ."

"ಊಟ ಮಾಡಿದ್ರೇನೋ ಸಾರ್..."

"ನಿಂಗೆ ಹೆಂಗೊತ್ತು?"

ಗುರುವಾರ ಒಂದು ಗಂಟೆಗೆ ಅಮರೇಶ ಹಾಲವ್ವನ ಡಬ್ಬಿಯಿಂದಲೇ ಅರ್ಧ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದಿದ್ದ. ಉಳಿದ ಒಂದೂವರೆ ರೊಟ್ಟಿ ಅವಳು ತಿಂದದ್ದನ್ನು ಎದುರು ಕೂತು ನೋಡಿದ್ದ.

"ಗೊತ್ತಿಲ್ಲ ಸಾರ್," ಅಂದ.

"ಮತ್ತೆ? ಬರಿ. ರೂಟ್ ಕಾಸ್, ಎಚ್‌ಇ."

"ಐದನೇ ವೈ ಸಾರ್?"

"ನಾಲ್ಕರಲ್ಲೇ ಸಿಕ್ತಲ್ಲಪ್ಪ. ಐದನೇದಕ್ಕೆ ಎನ್‌ಎ ಹಾಕು." ಶ್ಯಾಮಸುಂದರ ಮಂಗಳವಾರದ ಹಾಳೆ ತೆಗೆದು ಬೆರಳಾಡಿಸಿದ. "ನೋಡು, ಮೀಟರ್ ರೀಡಿಂಗ್ ಓಕೆ. ಕೆಲಸಗಾರರ ಹೇಳಿಕೆ, ಎನ್‌ಎ. ಯಾರೂ ಏನೂ ಹೇಳಿಲ್ಲ ಅಂದ್ಮೇಲೆ ಮಷೀನ್ ಸರಿಯಾಗೇ ಇತ್ತು. ಮುಗೀತು. ಕಾಪಾ: ಎಲ್ಲಾ ಹೆಂಗಸರಿಗೂ ರೀಟ್ರೈನಿಂಗ್. ಆಯಮ್ಮನ್ನ ಇನ್ಮೇಲೆ ಕಳಿಸ್ಬೇಡಿ ಅಂತ ಕಾಂಟ್ರಾಕ್ಟರ್‌ಗೆ ಹೇಳ್ತೀನಿ. ಸೋಮವಾರ ಬಂದು ರಿಪೋರ್ಟಿಗೆ ಒಂದು ಹೆಬ್ಬೆಟ್ಟು ಒತ್ತಿ ಹೋಗ್ಲಿ. ನೀನೇ ಹೋಗಿ ಹೇಳು, ನಿಮ್ಮ ಕಡೆಯವಳಲ್ವಾ?"

ಕಾಪಾ ಅಂದರೆ ಆದ ತಪ್ಪನ್ನು ತಿದ್ದಿ, ಮುಂದೆ ಆಗದಂತೆ ತಡೆಯುವ ಕ್ರಮ. ಹಾಲವ್ವನನ್ನು ತೆಗೆದುಹಾಕುವುದಕ್ಕೂ ಒಂದು ಅಕ್ಷರಮಾಲೆ ಇತ್ತು.

ಬಾಗಿಲ ಬಳಿ ಹೋದವನನ್ನು ಶ್ಯಾಮಸುಂದರ ಮತ್ತೆ ಕರೆದ. "ಅಮರೇಶ್, ನಿನ್ನ ಕನ್ಫರ್ಮೇಶನ್ ಬರೋ ತಿಂಗಳಲ್ವಾ? ವೆರಿ ನೀಟ್ ಡಾಕ್ಯುಮೆಂಟೇಶನ್. ಹೇಳಿದೀನಿ ಮೇಲಿನವರಿಗೆ."

ಭಾನುವಾರ ಸುಂಕದಕಟ್ಟೆಯ ವಠಾರಕ್ಕೆ ಹೋದ. ಶೀಟು ಹೊದಿಸಿದ ಆರು ಮನೆ, ಒಂದು ನಲ್ಲಿ. ಹಾಲವ್ವ ಹೊಸ್ತಿಲಲ್ಲಿ ಕೂತಿದ್ದಳು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್, ಹಳೇ ವೇಲಿನಲ್ಲಿ ಕತ್ತಿಗೆ ಕಟ್ಟಿಕೊಂಡ ಜೋಲಿ. ಒಂಟಿ ಹೆಂಗಸು, ಗಂಡ ಸತ್ತ ಮೇಲೆ ರೋಣದಿಂದ ಬಂದು ಒಂಬತ್ತು ವರ್ಷ. ಪಕ್ಕದ ಮನೆಯ ಉಮಾಶ್ರೀ ಅವಳ ಹಿಂದೆ ಕೂತು ಜಡೆ ಹಾಕುತ್ತಿದ್ದಳು. ಉಮಾಶ್ರೀ ಅದೇ ಕಾರ್ಖಾನೆಯಲ್ಲಿ ಪ್ಯಾಕಿಂಗ್. ಹುಟ್ಟಿ ಬೆಳೆದದ್ದು ಇದೇ ಬೀದಿ, ಪಿಯುಸಿವರೆಗೆ ಓದಿದವಳು.

"ಓ, ಕ್ಯೂಎ ಸಾಹೇಬ್ರು ಬಂದ್ರು," ಅಂದಳು ಹೇರ್‌ಪಿನ್ನು ಹಲ್ಲಲ್ಲಿ ಕಚ್ಚಿಕೊಂಡೇ. "ಆಂಟಿ, ನೆಟ್ಟಗೆ ಕೂತ್ಕೊಳಿ, ಇಲ್ದಿದ್ರೆ ಜಡೆ ಸೊಟ್ಟ, ತಪ್ಪಾಯ್ತು ಅಂತ ನಿಮ್ಮ ಮೇಲೆ ಡೀವಿಯೇಶನ್ ಬರೀತಾರೆ."

"ಸುಮ್ನಿರವ್ವ ನೀ. ಬಾ ತಮ್ಮಾ, ಕೂಡು. ಚಾ ಮಾಡಾಕ ಒಂದ ಕೈಲೆ ಬರೂದಿಲ್ಲ ನೋಡು."

ಅಮರೇಶ ಕೂತ. ಸೋಮವಾರ ಬಂದು ಹೆಬ್ಬೆಟ್ಟು ಒತ್ತಬೇಕಂತೆ, ಅಂದ. ಅದರಲ್ಲಿ ಏನು ಬರೆದಿದ್ದಾರೆ ಎಂದು ಉಮಾಶ್ರೀ ಕೇಳಿದಳು. ಅವನು ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಾಯಿತು.

"ಎಚ್‌ಇ ಅಂದ್ರೆ?"

"ಮನುಷ್ಯರಿಂದ ಆದ ತಪ್ಪು."

"ಯಾವ ಮನುಷ್ಯರಿಂದ?"

ನಲ್ಲಿಯ ಕೆಳಗಿನ ಕೊಡ ತುಂಬಿ ಹರಿಯುತ್ತಿತ್ತು. ಯಾರೂ ಎದ್ದು ಹೋಗಿ ನಿಲ್ಲಿಸಲಿಲ್ಲ.

"ಅಂದ್ರ ನಂದ ತಪ್ಪು ಅಂತ ಬರದಾರ," ಅಂದಳು ಹಾಲವ್ವ. ಸಿಟ್ಟಾದಂತೆ ಕಾಣಲಿಲ್ಲ. ಲೆಕ್ಕಕ್ಕೆ ಸಿಗದ ಯಾವುದೋ ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವವಳ ಹಾಗೆ ಆ ಮಾತನ್ನು ನೋಡಿದಳು. ಮೆಲ್ಲಗೆ ಮುಖ ಬೆಳಗಿತು. "ಆದ್ರ ತಮ್ಮಾ, ಮುಳ್ಳು ಬಿದ್ದೈತಿ ಅಂತ ನಾ ನಿಂಗ ಮೊದಲ ಹೇಳಿದ್ನಲ್ಲ? ನೀ ಬರಕೊಂಡೀಯಲ್ಲ? ಅದು ಇರ್ತೈತಿ ಹೌದಿಲ್ಲೋ?"

ಈಗ ಹೇಳಬಹುದಿತ್ತು. ಬಾಗಿಲು ತೆರೆದೇ ಇತ್ತು, ಎದುರಿಗಿದ್ದವರು ಇಬ್ಬರೇ. ಅವನ ಬಾಯಿ ತೆರೆಯಿತು ಕೂಡ.

"ಕಾಗದದಾಗ ಎಲ್ಲಾ ಇರ್ತೈತಿ ಅಕ್ಕಾ," ಅಂದ.

"ಮತ್ತ್ಯಾಕ ಅಂಜೂದು? ನೋಡವ್ವ ಉಮಾ, ನಮ್ಮ ಕಡೆ ಹುಡುಗ ಒಬ್ಬ ಒಳಗ ಇದ್ದದ್ದು ಚಲೋ ಆತು."

ಉಮಾಶ್ರೀ ಜಡೆಯ ತುದಿಗೆ ರಬ್ಬರ್ ಹಾಕುತ್ತಾ ಅವನನ್ನೇ ನೋಡಿದಳು. ಆ ನೋಟ ತಡೆಯದೆ ಅವನು ಎದ್ದ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಟ್ರೈನಿಂಗ್ ಕೋಣೆಯಲ್ಲಿ ಮೂವತ್ತು ಹೆಂಗಸರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ರೀಟ್ರೈನಿಂಗ್ ಅಂದರೆ ಹಾಜರಿ ಹಾಳೆಗೆ ಸಹಿ. "ಓದಿದ್ದೇನೆ, ಅರ್ಥವಾಗಿದೆ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಹತ್ತು ನಿಮಿಷದ ಕೆಲಸ. ಮೊದಲು ಹಾಲವ್ವನದು ಮುಗಿಯಲಿ ಎಂದು ಶ್ಯಾಮಸುಂದರ ಇಂಕಿನ ಪ್ಯಾಡು ತೆರೆದ.

"ಬಾಮ್ಮ, ಎಡಗೈ ಆದ್ರೂ ಪರವಾಗಿಲ್ಲ."

ಹಾಲವ್ವ ಕೈ ಚಾಚಲಿಲ್ಲ. "ಸಾಹೇಬ್ರ, ಮಂಗಳವಾರದ ಹಾಳಿ ತಗೀರಿ."

"ಯಾವ ಹಾಳೆ?"

"ಜರಡಿ ರೂಮಿಂದು. ಅದರಾಗ ನಾ ಹೇಳಿದ್ದು ಐತಿ. ಅದನ್ನ ಎಲ್ಲಾರಿಗೂ ಓದಿ ಹೇಳ್ರಿ. ಆಮ್ಯಾಲೆ ಒತ್ತತೀನಿ."

"ಅದೆಲ್ಲ ಕಾನ್ಫಿಡೆನ್ಶಿಯಲ್ ಕಣಮ್ಮ."

"ನನ್ನ ಮಾತು ನಂಗ ಕೇಳಾಕ ಏನ್ರಿ ಅಡ್ಡಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಫೈಲು ಮೇಜಿನ ಮೇಲೇ ಇತ್ತು. ಶ್ಯಾಮಸುಂದರ ಕೈ ಹಾಕುವ ಮೊದಲೇ ಉಮಾಶ್ರೀ ಅದನ್ನು ತಿರುಗಿಸಿದಳು. ತಾರೀಖು ಹುಡುಕಿದಳು. ಗೋಡೆಗೆ ಒರಗಿ ನಿಂತಿದ್ದ ಅಮರೇಶನಿಗೆ ಹಾಳೆ ಮಗುಚುವ ಸದ್ದು ಒಂದೊಂದೂ ಕೇಳಿಸಿತು.

"ಕೆಲಸಗಾರರ ಹೇಳಿಕೆ," ಉಮಾಶ್ರೀ ಓದಿದಳು. ನಿಂತಳು. "ಇಲ್ಲೇನೂ ಇಲ್ಲ ಆಂಟಿ. ಒಂದು ಗೀಟು ಎಳೆದವ್ರೆ. ಎನ್‌ಎ ಅಂತ ಬರೆದವ್ರೆ."

"ಏನ್ ಹಂಗಂದ್ರ?"

"ನಾಟ್ ಅಪ್ಲಿಕಬಲ್," ಅಂದ ಶ್ಯಾಮಸುಂದರ ನಿರಾಳವಾಗಿ. "ಅನ್ವಯ ಆಗಲ್ಲ ಅಂತ. ನೀನು ಏನೂ ಹೇಳಿಲ್ಲ ಅಂತ ಅರ್ಥ. ಬರೆದಿಲ್ಲ ಅಂದ್ರೆ ನಡೆದಿಲ್ಲ."

ಹಾಲವ್ವ ಹಾಳೆಯ ಮೇಲೆ ಬಗ್ಗಿದಳು. ಅವಳಿಗೆ ಅಕ್ಷರ ಗೊತ್ತಿರಲಿಲ್ಲ, ಗೀಟು ಕಾಣಿಸಿತು. ಎಡಗೈ ಬೆರಳಿನಿಂದ ಅದನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಮುಟ್ಟಿದಳು.

"ನಡದಿಲ್ಲಾ?" ಅಂದಳು. ಪ್ಲಾಸ್ಟರಿನ ಕೈಯನ್ನು ಜೋಲಿಯಿಂದ ತೆಗೆದು ಹಾಳೆಯ ಮೇಲೆ ಟಪ್ಪೆಂದು ಇಟ್ಟಳು. "ಹಂಗಾರ ಇದಕ್ಕೂ ಒಂದ ಗೀಟ ಎಳೀರಿ ಸಾಹೇಬ್ರ. ಎಳೀರಿ."

"ನೋಡಮ್ಮ, ಡ್ರಾಮಾ ಬೇಡ. ಮಷೀನ್ ಸರಿಯಾಗಿತ್ತು."

"ಸರಿಯಾಗಿತ್ತಾ ಸಾರ್?" ಕಸ ಗುಡಿಸುವ ದಾನಮ್ಮ ಮುಂದೆ ಬಂದಳು. ಹತ್ತು ವರ್ಷದಲ್ಲಿ ಅವಳು ಆಫೀಸಿನವರ ಎದುರು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. "ಶುಕ್ರವಾರ ಅದರ ಹಳೇ ಫಿಲ್ಟರ್ ಚೀಲ ಕಿತ್ತು ನನ್ ತಲೆ ಮೇಲೆ ಹೊರಿಸಿದ್ರಲ್ಲಾ, ಗುಜರಿಗೆ ಹಾಕು ಅಂತ. ಮಳೇಲಿ ನೆನೆದ ಸಿಮೆಂಟ್ ಮೂಟೆಯಂಗೆ ಗಟ್ಟಿಯಾಗಿತ್ತು. ಗಾಳಿ ಹೆಂಗೆ ಆಡೀತು ಅದ್ರಾಗೆ?"

"ಅದು ಪ್ರಿವೆಂಟಿವ್ ಮೇಂಟೆನೆನ್ಸ್. ಶೆಡ್ಯೂಲ್ ಪ್ರಕಾರ..."

"ಏನ್ ಶೆಡ್ಯೂಲ್ ಸಾರ್ ಅದು!" ಅಂದಳು ಉಮಾಶ್ರೀ. "ಆಂಟಿ ಬಿದ್ದ ಮಾರನೇ ದಿನಕ್ಕೇ ಕರೆಕ್ಟಾಗಿ ಬಂದ್ಬಿಡ್ತಾ?"

ಈ ಸಲ ನಗು ಮುಂದಿನ ಸಾಲಿನಿಂದಲೂ ಬಂತು. ಆದರೆ ಅದು ಬೇಗ ನಿಂತಿತು. ಯಾರೋ ಹಾಜರಿ ಹಾಳೆಯನ್ನು ಪಕ್ಕದವಳಿಗೆ ದಾಟಿಸಿದಳು. ಅವಳು ಸಹಿ ಹಾಕದೆ ಮುಂದಕ್ಕೆ ದಾಟಿಸಿದಳು. ಪೆನ್ನು ಕೈಯಿಂದ ಕೈಗೆ ಹೋಗಿ ಮುಚ್ಚಳ ತೆಗೆಯದೆ ಮೇಜಿಗೆ ವಾಪಸು ಬಂತು.

"ಯಾರಿಗೆ ಹೇಳಿದ್ದೆ ನೀನು? ಸಾಕ್ಷಿ ಯಾರು?" ಶ್ಯಾಮಸುಂದರನ ದನಿ ಏರಿತು.

ಹಾಲವ್ವ ತಿರುಗಿದಳು. ಅವಳ ಕಣ್ಣಿನಲ್ಲಿ ಒಂದು ಚೂರೂ ಅನುಮಾನ ಇರಲಿಲ್ಲ. "ಈ ತಮ್ಮಗ ಹೇಳಿದ್ದೆ. ಹೇಳಪ್ಪಾ."

ಮೂವತ್ತು ಮುಖಗಳು ಗೋಡೆಯ ಕಡೆ ತಿರುಗಿದವು.

"ಹೌದು ಸಾರ್," ಅಂದ ಅಮರೇಶ. ಆ ದನಿ ತನ್ನದೇ ಎಂದು ಅವನಿಗೆ ತಡವಾಗಿ ಗೊತ್ತಾಯಿತು. "ಹೇಳಿದ್ರು. ಮಂಗಳವಾರ. ಮುಳ್ಳು ಬಿದ್ದಿದೆ ಅಂತ."

ಹೆಂಗಸರ ನಡುವೆ ಗುಜುಗುಜು ಎದ್ದಿತು. ಶ್ಯಾಮಸುಂದರ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಗೀಟಿನ ಪಕ್ಕದ ಚುಟುಕು ಸಹಿಯ ಮೇಲೆ ಬೆರಳಿಟ್ಟ. ಸಹಿ ನೋಡಿದ, ಅಮರೇಶನನ್ನು ನೋಡಿದ. ಅದು ಯಾರದೆಂದು ಅವನು ಒಂದು ಮಾತಿನಲ್ಲಿ ಹೇಳಬಹುದಿತ್ತು. ಹೇಳಿದರೆ, ಜರಡಿ ಕೋಣೆಗೆ ಕಾಲಿಡದ ಗುಮಾಸ್ತ ಅಲ್ಲಿಯ ಹಾಳೆ ತುಂಬಿದ್ದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಒಂದು ಹಾಳೆಯಲ್ಲ, ಎರಡು ವರ್ಷದ ಹಾಳೆಗಳು ಹೊರಬರುತ್ತವೆ. ಆಡಿಟರ್ ಬರುವುದಕ್ಕೆ ಮೂರು ದಿನ ಇತ್ತು. ಶ್ಯಾಮಸುಂದರ ಫೈಲು ಮುಚ್ಚಿದ.

"ಮತ್ತೆ ಈ ಗೀಟು ಎಳೆದಿದ್ದು ಯಾರು ಸಾರ್?" ಉಮಾಶ್ರೀ ಕೇಳಿದಳು.

"ಅದೆಲ್ಲ ಇಂಟರ್ನಲ್," ಅಂದ ಶ್ಯಾಮಸುಂದರ.

ಆ ದಿನ ಜರಡಿ ತಿರುಗಲಿಲ್ಲ. ಹೆಂಗಸರು ಟೋಪಿಗಳನ್ನು ಟ್ರೈನಿಂಗ್ ಕೋಣೆಯ ಮೇಜಿನ ಮೇಲೆ ಗುಡ್ಡೆ ಹಾಕಿ ಹೊರಗೆ ಬಂದು ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಕೂತರು. ಕಾಂಟ್ರಾಕ್ಟರು ಬಂದು ಕೂಗಾಡಿದ. ಎಲ್ಲರನ್ನೂ ಬದಲಾಯಿಸಿಬಿಡುತ್ತೇನೆ ಅಂದ. ಬದಲಾಯಿಸಣ್ಣ, ಆಡಿಟರ್ ಮುಂದೆ ನೀನೇ ಟೋಪಿ ಹಾಕ್ಕೊಂಡು ಜರಡಿ ಹಿಡಿ, ಅಂದಳು ದಾನಮ್ಮ. ಒಮ್ಮೆ ಮಾತು ಬಂದ ಮೇಲೆ ಅವಳಿಗೆ ನಿಲ್ಲಿಸುವುದು ಕಷ್ಟವಾಗಿತ್ತು.

ಉಮಾಶ್ರೀ ಯಾರದೋ ಮಗನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಟಿಫಿನ್ ಡಬ್ಬಿಯ ಮೇಲಿಟ್ಟು, ಹಾಲವ್ವ ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದಲ್ಲಿ ಬರೆದಳು. ಮುಳ್ಳು ಬಿದ್ದದ್ದು, ಬಾಯಿ ಕಹಿಯಾದದ್ದು, ಊಟ ಮಾಡಿದ್ದು, ಬಿದ್ದದ್ದು, ಆಸ್ಪತ್ರೆಗೆ ಹೋಗುತ್ತಿದ್ದ ವ್ಯಾನು ತಿರುಗಿದ್ದು. ಹಾಲವ್ವ ಎಡಗೈ ಹೆಬ್ಬೆಟ್ಟು ಒತ್ತಿದಳು. ಉಳಿದವರು ಒಬ್ಬೊಬ್ಬರಾಗಿ ಸಹಿ ಹಾಕಿದರು. ಇಎಸ್‌ಐ ಕಚೇರಿಗೊಂದು, ಲೇಬರ್ ಇನ್‌ಸ್ಪೆಕ್ಟರಿಗೊಂದು ಕಾಪಿ ಎಂದು ತೀರ್ಮಾನವಾಯಿತು.

ಶ್ಯಾಮಸುಂದರ ಗೇಟಿನವರೆಗೆ ಬಂದು ನೋಡಿ ನಕ್ಕ. "ಇದೆಲ್ಲ ನಡೆಯಲ್ಲಮ್ಮ. ಇದು ಕಂಟ್ರೋಲ್ಡ್ ಡಾಕ್ಯುಮೆಂಟ್ ಅಲ್ಲ. ಒಂದು ನಂಬರ್ ಇಲ್ಲ ಏನಿಲ್ಲ."

ಉಮಾಶ್ರೀ ಹಾಳೆಯ ತಲೆಯ ಮೇಲೆ ದೊಡ್ಡದಾಗಿ ಬರೆದಳು. "ಹಾಕಿದೀನಿ ಸಾರ್ ನಂಬರು. ಒಂದು."

ಅಮರೇಶ ಗೇಟಿನ ಒಳಗೂ ಅಲ್ಲದೆ ಹೊರಗೂ ಅಲ್ಲದೆ ನಿಂತಿದ್ದ. ಹಾಲವ್ವ ಎಡಗೈಯಿಂದ ಅವನನ್ನು ಕರೆದಳು. ಪಕ್ಕದಲ್ಲಿ ಜಾಗ ಮಾಡಿದಳು. "ಸಾಕ್ಷಿ ಅಂತ ಇವಂದೂ ಒಂದ ಸಹಿ ತಗೋವ್ವ ಉಮಾ. ತನ್ನ ನೌಕರಿ ನೋಡದ ನಮ್ಮ ಪರವಾಗಿ ನಿಂತ ಮಾತಾಡ್ಯಾನ." ಡಬ್ಬಿ ತೆಗೆದು ರೊಟ್ಟಿ ಮುರಿದು ಅವನ ಕೈಗೆ ಕೊಟ್ಟಳು. ಹೆಂಗಸರು ಅವನನ್ನು ಮೆಚ್ಚಿಕೊಂಡು ನೋಡಿದರು. ಉಮಾಶ್ರೀ ಕೂಡ ಪೆನ್ನು ಕೊಡುವಾಗ, "ಸಾರಿ ಗುರು, ನಾನು ನಿನ್ನನ್ನ ಬೇರೆ ಥರ ಅಂದ್ಕೊಂಡಿದ್ದೆ," ಅಂದಳು.

ರೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಪೆನ್ನು ಹಿಡಿದ. ದಿನಕ್ಕೆ ನೂರು ಸಲ ಹಾಕುವ ಚುಟುಕು ಸಹಿಯನ್ನು ಹಾಕಲಿಲ್ಲ. ಸ್ಕೂಲು ಹುಡುಗನ ಹಾಗೆ ಗುಂಡಗೆ, ಕನ್ನಡದಲ್ಲಿ, ಪೂರ್ತಿ ಹೆಸರು ಬರೆದ.

ಆ ಗೀಟು ಎಳೆದದ್ದು ನಾನೇ ಎಂದು ಅವನು ಹೇಳಲಿಲ್ಲ.